ನೈಲ್ ನದಿಯ ಮೀನು, ನೇತ್ರಾವತಿಯ ನೀರು

ಜೂನ್ ತಿಂಗಳ ಒಂದನೆಯ ತಾರೀಖು ಕರಾವಳಿಯ ಅಡುಗೆಮನೆಗಳ ಪಾಲಿಗೆ ಶುಭದಿನವಲ್ಲ. ಅಂದಿನಿಂದ ಜುಲೈ ೩೧ರವರೆಗೆ, ಒಟ್ಟು ೬೧ ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂಗುಡೆ, ಬೂತಾಯಿಗಳ ಬೆಲೆ ಏರುತ್ತದೆ. ಅಂಜಲಿನ ಮಾತನ್ನಂತೂ ಎತ್ತುವಂತಿಲ್ಲ. ಹಿಂದಿನವರು ಬೇಸಗೆಯಲ್ಲೇ ಒಣಮೀನು ಕಟ್ಟಿಟ್ಟುಕೊಂಡು ಈ ಎರಡು ತಿಂಗಳುಗಳನ್ನು ದಾಟುತ್ತಿದ್ದರು. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಏರಿ ಬರುವ ಉಬರ್ ಮೀನಿಗಾಗಿ ರಾತ್ರಿಯೆಲ್ಲ ದೀಪ ಹಿಡಿದು ಕಾಯುವುದೂ ಇತ್ತು. ಈಗ ಗದ್ದೆಗಳು ಅಡಿಕೆ ತೋಟಗಳಾಗಿ, ತೋಟಗಳ ನಡುವೆ ಮನೆಗಳೆದ್ದು, ಆ ಮೀನು ಏರಬೇಕಾದ ದಾರಿಯೇ ಅನೇಕ ಕಡೆ ಮುಚ್ಚಿಹೋಗಿದೆ.

ಈ ಎಡೆಯನ್ನು ತುಂಬಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೃಷಿಕರಲ್ಲಿ ಕೆಲವರು ಒಬ್ಬ ಪರದೇಶದ ಅತಿಥಿಯನ್ನು ಕರೆತಂದಿದ್ದಾರೆ. ತೋಟದ ಮೂಲೆಯ ಕೆರೆಯಲ್ಲೋ, ಕಲ್ಲು ತೆಗೆದು ಬಿಟ್ಟ ಮುರಕಲ್ಲಿನ ಕೋರೆಯಲ್ಲೋ, ಮನೆಯ ಹಿಂಬದಿ ಟಾರ್ಪಾಲು ಕಟ್ಟಿ ನಿಲ್ಲಿಸಿದ ದುಂಡನೆಯ ತೊಟ್ಟಿಯಲ್ಲೋ ಅದನ್ನು ಸಾಕುತ್ತಾರೆ. ತಿಲಾಪಿಯ ಎಂಬುದು ಅದರ ಹೆಸರು. ಘಟ್ಟದ ಮೇಲೆ ಈ ಹೆಸರು ಬಾಯಿಂದ ಬಾಯಿಗೆ ಸವೆದು ‘ಜಿಲೇಬಿ’ ಎಂದಾಗಿದೆ. ಮಿಠಾಯಿಯ ಹೆಸರನ್ನು ಪಡೆದ ಮೀನು ಲೋಕದಲ್ಲಿ ಬೇರೆ ಇರಲಾರದು! ಹೆಸರು ಏನೇ ಇರಲಿ, ಈ ಅತಿಥಿಗೆ ಮನೆಯಲ್ಲಿ ಎಲ್ಲಿಯವರೆಗೆ ಪ್ರವೇಶ ಕೊಡಬೇಕು, ಚಾವಡಿಯವರೆಗೋ ಇಲ್ಲ ದೇವರ ಕೋಣೆಯವರೆಗೋ ಎಂಬ ಪ್ರಶ್ನೆಯನ್ನು ಇನ್ನೂ ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ. ಕೇಳುವ ಕಾಲ ಬಂದಿದೆ.

ವಂಶಾವಳಿಯ ದೃಷ್ಟಿಯಿಂದ ನೋಡಿದರೆ ಇದು ಸಾಮಾನ್ಯ ಕುಲದ ಮೀನಲ್ಲ. ಸುಮಾರು ಮೂರು ಸಾವಿರದ ಮುನ್ನೂರು ವರ್ಷಗಳಷ್ಟು ಹಿಂದೆ ಈಜಿಪ್ತಿನಲ್ಲಿ ನೆಬಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಚಿತ್ರಕಾರನೊಬ್ಬನು ಒಂದು ಉದ್ಯಾನದ ಕೊಳವನ್ನು ಬರೆದನು. ಆ ಕೊಳದಲ್ಲಿ ತಾವರೆಗಳ ನಡುವೆ ಈಜುತ್ತಿರುವುದು ತಿಲಾಪಿಯವೇ. ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಈಜಿಪ್ತಿನವರು ಈ ಮೀನನ್ನು ಪುನರ್ಜನ್ಮದ ಸಂಕೇತವೆಂದು ಭಾವಿಸಿದ್ದರು. ಅದಕ್ಕೆ ಕಾರಣವಿತ್ತು. ಹೆಣ್ಣು ಮೀನು ತಾನಿಟ್ಟ ಮೊಟ್ಟೆಗಳನ್ನು ಬಾಯಿಯೊಳಗೆ ತುಂಬಿಕೊಂಡು ಅಲ್ಲಿಯೇ ಮರಿ ಮಾಡುತ್ತದೆ. ಮರಿಗಳು ಹೊರಗೆ ಆಡತೊಡಗಿದ ಮೇಲೂ ಅಪಾಯದ ಸುಳಿವು ಸಿಕ್ಕಿತೆಂದರೆ ಅವನ್ನೆಲ್ಲ ಮತ್ತೆ ಬಾಯಿಯೊಳಗೆ ಸೇರಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ತಾಯಿಗೆ ಬಹುಮಟ್ಟಿಗೆ ಉಪವಾಸ. ಬಾಯಿಯಿಂದ ಜೀವಗಳು ಹೊರಬರುವುದನ್ನು ಕಂಡವರಿಗೆ ಪುನರ್ಜನ್ಮದ ನೆನಪಾದುದರಲ್ಲಿ ಆಶ್ಚರ್ಯವೇನು?

ಇಪ್ಪತ್ತನೆಯ ಶತಮಾನದಲ್ಲಿ ಈ ಮೀನಿಗೆ ದೇಶಸಂಚಾರದ ಯೋಗ ಕೂಡಿಬಂದಿತು. ಮೊದಲು ಹೊರಟುದು ಮೊಜಾಂಬಿಕ್ ತಿಲಾಪಿಯ ಎಂಬ ಜಾತಿ. ೧೯೩೦ರ ದಶಕದ ಕೊನೆಯಲ್ಲಿ ಜಾವ ದ್ವೀಪದ ದಕ್ಷಿಣ ತೀರದ ಅಳಿವೆಯೊಂದರಲ್ಲಿ ಮುಜಾಯಿರ್ ಎಂಬ ಹಳ್ಳಿಗನೊಬ್ಬನಿಗೆ ಇದು ಕಾಣಿಸಿತು. ಆಫ್ರಿಕದಿಂದ ಅಲ್ಲಿಗೆ ಅದು ಹೇಗೆ ಬಂತೆಂಬುದು ಬಿಡಿಸದ ಒಗಟು. ಉಪ್ಪುನೀರಿನ ಆ ಮೀನನ್ನು ಆತನು ಮತ್ತೆ ಮತ್ತೆ ಪ್ರಯತ್ನಿಸಿ ಸಿಹಿನೀರಿಗೆ ಒಗ್ಗಿಸಿದನು. ಇಂಡೋನೇಶಿಯದ ಜನ ಅದನ್ನು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಹಳ್ಳಿಯವನೊಬ್ಬನ ಹೆಸರು ಒಂದು ದೇಶದ ಊಟದ ತಟ್ಟೆಯಲ್ಲಿ ಹೀಗೆ ಉಳಿದುದು ಅಪರೂಪ.

ಎರಡನೆಯ ಜಾತಿ, ನೈಲ್ ತಿಲಾಪಿಯ, ಹೊರಟುದು ಅರಮನೆಯಿಂದ ಅರಮನೆಗೆ. ಜಪಾನಿನ ಯುವರಾಜನಾಗಿದ್ದ ಅಕಿಹಿಟೊ ಮತ್ಸ್ಯಶಾಸ್ತ್ರದ ವಿದ್ವಾಂಸ. ಆತನು ೧೯೬೫ರಲ್ಲಿ ಥಾಯ್ಲೆಂಡಿನ ರಾಜ ಭೂಮಿಬಲರಿಗೆ ೫೦ ಮೀನುಗಳನ್ನು ಕಾಣಿಕೆಯಾಗಿ ಕಳುಹಿಸಿದನು. ರಾಜರು ಅವನ್ನು ಅರಮನೆಯ ಕೊಳದಲ್ಲಿ ಬೆಳೆಸಿ, ಮರುವರ್ಷ ಮರಿಗಳನ್ನು ಪ್ರಜೆಗಳಿಗಾಗಿ ಮೀನುಗಾರಿಕೆ ಇಲಾಖೆಗೆ ಕೊಟ್ಟರು. ಇಂದು ಆ ದೇಶದ ಬಡವರ ಮೀನೆಂದರೆ ಅದೇ.

ಭಾರತಕ್ಕೆ ಮೊಜಾಂಬಿಕ್ ಜಾತಿ ಬಂದುದು ೧೯೫೨ರಲ್ಲಿ. ಸ್ವಾತಂತ್ರ್ಯ ಹೊಸದು, ಅನ್ನದ ಅಭಾವ ಹಳೆಯದು. ಏನು ಕೊಟ್ಟರೂ ತಿಂದು, ಎಂಥ ನೀರಿನಲ್ಲಿಯೂ ಬದುಕುವ ಮೀನು ಅಂದಿನವರಿಗೆ ದೇವರು ಕೊಟ್ಟ ವರದಂತೆ ಕಂಡಿತು. ವರದ ಹಿಂದಿನ ಶಾಪ ಕೆಲವೇ ವರ್ಷಗಳಲ್ಲಿ ತಿಳಿಯಿತು. ಈ ಮೀನು ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ. ಕೊಳದಲ್ಲಿ ಸಂಖ್ಯೆ ಹೆಚ್ಚುತ್ತದೆ, ಮೇವು ಸಾಲದು, ಹತ್ತು ಮೀನು ಬೆಳೆಯಬೇಕಾದಲ್ಲಿ ಸಾವಿರ ಕುಬ್ಜಗಳು ತುಂಬಿಕೊಳ್ಳುತ್ತವೆ. ಕೊಂಡವರು ಮುಳ್ಳು ಉಗುಳಿ ಬೈದರು. ಜೊತೆಗಿದ್ದ ಕಾಟ್ಲಾ ರೋಹುಗಳೂ ಸೊರಗಿದುವು. ೧೯೫೯ರಲ್ಲಿ ಇದರ ಪ್ರಸಾರವನ್ನು ನಿಷೇಧಿಸಲಾಯಿತು. ಆದರೆ ನೀರಿಗೆ ಬಿದ್ದ ಮೀನು ಸರಕಾರದ ಆಜ್ಞೆಯನ್ನು ಓದುತ್ತದೆಯೆ? ಕಾವೇರಿಯಲ್ಲಿಯೂ ಮೈಸೂರು ಸೀಮೆಯ ಕೆರೆಗಳಲ್ಲಿಯೂ ಅದು ನೆಲೆಯೂರಿ ಕುಳಿತಿತು. ರಾಜಸ್ಥಾನದ ಜೈಸಮಂದ್ ಸರೋವರದ ಕಥೆಯನ್ನು ಇಲ್ಲಿ ನೆನೆಯಬೇಕು. ಅಲ್ಲಿ ತಿಲಾಪಿಯ ಹಬ್ಬಿದ ಮೇಲೆ ಗೆಂಡೆ ಮೀನುಗಳ ತೂಕ ಇಳಿಯಿತು, ಅಲ್ಲಿಯ ಮಹಶೀರ್ ಮೀನಿನ ಸಂತತಿಗೆ ಸಂಚಕಾರ ಬಂತು. ಮಹಶೀರಿನ ಮಾತು ಮುಂದೆ ಬೆಳ್ತಂಗಡಿಗೆ ಹೋದಾಗ ಮತ್ತೆ ಬರುತ್ತದೆ.

ಹೀಗೆ ಕೆಟ್ಟ ಹೆಸರು ಪಡೆದ ಮೀನನ್ನು ತಿದ್ದಿ ತೀಡಿ ಮರಳಿ ತಂದವರು ವಿಜ್ಞಾನಿಗಳು. ೧೯೮೮ರಲ್ಲಿ ಫಿಲಿಪ್ಪೀನ್ಸಿನಲ್ಲಿ, ಆಫ್ರಿಕದ ನದಿಗಳಿಂದ ತಂದ ನೈಲ್ ತಿಲಾಪಿಯಗಳನ್ನೂ ಏಷ್ಯದಲ್ಲಿ ಸಾಕಿದ್ದವನ್ನೂ ಕೂಡಿಸಿ, ಚೆನ್ನಾಗಿ ಬೆಳೆದವನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋಗುವ ಕೆಲಸ ಆರಂಭವಾಯಿತು. ನಮ್ಮ ರೈತರು ಒಳ್ಳೆಯ ತೆನೆಯನ್ನು ಬೀಜಕ್ಕೆ ಎತ್ತಿಡುವ ಕ್ರಮವೇ ಅದು. ಯಾವ ಮಾಟವೂ ಅಲ್ಲ. ಹಾಗೆ ಹುಟ್ಟಿದ ತಳಿಗೆ ‘ಗಿಫ್ಟ್’ ಎಂದು ಹೆಸರು. ಅದನ್ನು ಏಷ್ಯದ ಬಡ ರೈತರ ಕೊಳಗಳಿಗೆ ತಲುಪಿಸುವುದರಲ್ಲಿ ದುಡಿದವರ ಪೈಕಿ ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಮೊದಡುಗು ವಿಜಯ ಗುಪ್ತ ಅವರು ಮುಖ್ಯರು. ೨೦೦೫ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ಈಗ ವಿಜಯವಾಡದ ಬಳಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದವರು ಇದೇ ತಳಿಯನ್ನು ಕಾಪಾಡಿಕೊಂಡು ಮರಿಗಳನ್ನು ಒದಗಿಸುತ್ತಾರೆ. ನೈಲ್ ತಿಲಾಪಿಯವನ್ನು ಸಾಕಲು ಕೇಂದ್ರ ಸರಕಾರ ೨೦೦೯ರಲ್ಲಿ ನಿಯಮಗಳನ್ನು ರೂಪಿಸಿತು. ಸಾಕುವವರು ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಗಂಡುಮೀನುಗಳನ್ನು ಮಾತ್ರ ಬಿಡಬೇಕು. ಒಂದು ಮರಿಯೂ ಹೊರನೀರಿಗೆ ತಪ್ಪಿಸಿಕೊಳ್ಳದಂತೆ ಬಲೆ, ಜಾಲರಿಗಳ ಕಾವಲಿರಬೇಕು ಎಂಬುದು ಅವುಗಳ ಸಾರ.

ಗಂಡುಮೀನುಗಳನ್ನು ಮಾತ್ರ ಎಂದಾಗ ಗೃಹಿಣಿಯರಿಗೆ ಒಂದು ಸಂದೇಹ ಬರುವುದು ಸಹಜ. ಮೊಟ್ಟೆಯೊಡೆದು ಬಂದ ಎಳೆಯ ಮರಿಗಳಿಗೆ ಮೂರು ನಾಲ್ಕು ವಾರ ಹಾರ್ಮೋನು ಬೆರೆಸಿದ ತಿಂಡಿ ಕೊಟ್ಟು ಅವನ್ನೆಲ್ಲ ಗಂಡಾಗಿಸುವುದು ವಾಡಿಕೆ. ಅಂಥ ಮೀನನ್ನು ಮಕ್ಕಳಿಗೆ ಬಡಿಸಬಹುದೆ? ಮರಿ ಆಗ ಕಾಳಿನಷ್ಟು. ಮಾರುಕಟ್ಟೆಗೆ ಬರುವುದು ಐದಾರು ತಿಂಗಳಾದ ಮೇಲೆ. ಔಷಧ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದರ ಅಂಶ ಮೀನಿನ ದೇಹದಿಂದ ಇಳಿದುಹೋಗುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಉಣ್ಣುವವರಿಗಿಂತ, ಆ ತಿಂಡಿಯನ್ನು ಕೈಯಾರೆ ಕಲಸುವ ಕೆಲಸಗಾರರೂ, ಆ ತೊಟ್ಟಿಯ ನೀರು ಹೋಗಿ ಸೇರುವ ಕಾಲುವೆಯೂ ಹೆಚ್ಚಿನ ಎಚ್ಚರಿಕೆಗೆ ಪಾತ್ರ. ಇನ್ನು ಕೆಸರು ವಾಸನೆಯ ದೂರೊಂದುಂಟು. ಅದು ಮೀನಿನ ದೋಷವಲ್ಲ, ನೀರಿನ ದೋಷ. ಹಿಡಿದ ಮೀನನ್ನು ಒಂದೆರಡು ದಿನ ಹಸಿವಿನಲ್ಲಿ ಶುದ್ಧ ನೀರಿನಲ್ಲಿ ಬಿಟ್ಟರೆ ಬಹುಪಾಲು ಹೋಗುತ್ತದೆ. ಉಳಿದುದನ್ನು ಪುಳಿಮುಂಚಿಯ ಹುಳಿ ಖಾರ ನೋಡಿಕೊಳ್ಳುತ್ತದೆ.

ಇನ್ನು ಲೋಕದ ಪೇಟೆಯ ಸಮಾಚಾರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ ೨೦೨೦ರಲ್ಲಿ ಜಗತ್ತಿನಲ್ಲಿ ಸಾಕಿ ತೆಗೆದ ನೈಲ್ ತಿಲಾಪಿಯವೊಂದೇ ಸುಮಾರು ೪೪ ಲಕ್ಷ ಟನ್ನು. ಚೀನಾ ಮೊದಲನೆಯದು, ಇಂಡೋನೇಶಿಯ, ಈಜಿಪ್ತ, ಬ್ರೆಜಿಲ್ ಮುಂತಾದುವು ಅದರ ಹಿಂದೆ. ಈಜಿಪ್ತಿನವರು ತಾವು ಬೆಳೆದುದನ್ನು ಬಹುಮಟ್ಟಿಗೆ ತಾವೇ ತಿನ್ನುತ್ತಾರೆ. ಚೀನಾ ಹಾಗಲ್ಲ, ಮುಳ್ಳು ತೆಗೆದು, ತುಂಡು ಮಾಡಿ, ಹಿಮಗಟ್ಟಿಸಿ ಅಮೆರಿಕಕ್ಕೆ ಹಡಗೇರಿಸಿತು. ರುಚಿ ಸೌಮ್ಯ, ಬೆಲೆ ಅಗ್ಗ. ಮೀನಿನ ವಾಸನೆಗೆ ಮೂಗು ಮುರಿಯುವ ಅಮೆರಿಕದವರಿಗೆ ವಾಸನೆಯಿಲ್ಲದ ಈ ಮೀನು ಬಹಳ ಹಿಡಿಸಿತು. ಆಮೇಲೆ ಬಂತು ಸುಂಕದ ಜಗಳ. ೨೦೧೮ರಿಂದ ಮುಂದಕ್ಕೆ ಅಮೆರಿಕವು ಚೀನಾದ ಸರಕುಗಳ ಮೇಲೆ ಏರಿಸಿದ ಸುಂಕ ಈ ಮೀನಿಗೂ ತಗುಲಿತು. ಆ ಸಂದಿಯಲ್ಲಿ ಮುಂದೆ ಬಂದ ಬ್ರೆಜಿಲ್ಲಿಗೆ ೨೦೨೫ರ ಆಗಸ್ಟ್‌ನಲ್ಲಿ ಶೇಕಡ ೫೦ರ ಸುಂಕದ ಏಟು ಬಿತ್ತು. ಚೀನಾದ ಮೀನು ಬೇರೆ ಪೇಟೆಗಳನ್ನು ಹುಡುಕುತ್ತ ಹೋಗಿ ಆಫ್ರಿಕವನ್ನೂ ಸೇರಿತು. ಹುಟ್ಟಿದ ಮನೆಗೆ ಮಗಳು ಹಿಮದ ಪೆಟ್ಟಿಗೆಯಲ್ಲಿ ಮರಳಿ ಬಂದಂತಾಯಿತು! ಕೀನ್ಯದ ವಿಕ್ಟೋರಿಯ ಸರೋವರದ ದಡದಲ್ಲಿ ಬಲೆ ಬೀಸಿ ಬದುಕುವವರು ತಮ್ಮ ಮೀನಿಗಿಂತ ಚೀನಾದಿಂದ ಬಂದುದೇ ಅಗ್ಗವಾಯಿತೆಂದು ಗೋಳಾಡಿದರು. ೨೦೧೮ರಲ್ಲಿ ಆ ದೇಶದ ಅಧ್ಯಕ್ಷರು ಆಮದನ್ನು ತಡೆಯುವ ಮಾತನ್ನಾಡಬೇಕಾಯಿತು. ಇವೆಲ್ಲದರ ನಡುವೆ ತಿಲಾಪಿಯಕ್ಕೆ ತಗಲುವ ವಿಷಾಣುವೊಂದು ೨೦೧೪ರಲ್ಲಿ ಇಸ್ರೇಲಿನಲ್ಲಿ ಗುರುತಿಸಲ್ಪಟ್ಟು, ೨೦೧೮ರ ಹೊತ್ತಿಗೆ ಭಾರತದ ಕೊಳಗಳಲ್ಲಿಯೂ ಇರುವುದು ವರದಿಯಾಯಿತು. ಎಂಥ ನೀರಿನಲ್ಲಿಯೂ ಬದುಕುವ ಮೀನೆಂಬ ಬಿರುದು ಅಲ್ಲಿಗೆ ಅರ್ಧ ಕಳಚಿತು.

ದೂರದ ಈ ಸುದ್ದಿಯಿಂದ ಬಂಟ್ವಾಳದ ಕೃಷಿಕನಿಗೆ ಏನು? ಒಂದು ಮಾತಂತೂ ಸ್ಪಷ್ಟ. ಹಿಮಗಟ್ಟಿಸಿದ ತುಂಡಿನ ಪೇಟೆಯಲ್ಲಿ ಆತನಿಗೆ ಎಡೆಯಿಲ್ಲ. ಅಲ್ಲಿ ಗೆಲ್ಲುವವರು ಕಾರ್ಖಾನೆಯುಳ್ಳವರು, ಸೋಲುವವರು ಸುಂಕ ಬದಲಾದಾಗ ನಿದ್ದೆಗೆಡುವವರು. ಆತನ ಬಲವೆಲ್ಲ ಇರುವುದು ಕೊಳದ ದಂಡೆಯಿಂದ ಕೊಳ್ಳುವವರ ಮನೆಯವರೆಗಿನ ಸಣ್ಣ ಅಂತರದಲ್ಲಿ. ಜೀವಂತ ಮೀನನ್ನು ಕಣ್ಣೆದುರೇ ಹಿಡಿದು ತೂಗಿಕೊಟ್ಟರೆ ಮಂಜುಗಡ್ಡೆಯ ಪೆಟ್ಟಿಗೆಯ ಮೀನು ಅದಕ್ಕೆ ಸರಿಸಾಟಿಯಾಗಲಾರದು. ಆದರೆ ಕರಾವಳಿಯ ನಾಲಗೆಯನ್ನು ಒಲಿಸುವುದು ಸುಲಭವಲ್ಲ. ಕಡಲಮೀನನ್ನು ತಿಂದು ಬೆಳೆದವರಿಗೆ ಕೆರೆಯ ಮೀನೆಂದರೆ ಎರಡನೆಯ ದರ್ಜೆಯದು. ಸೆಪ್ಟೆಂಬರಿನಲ್ಲಿ ಬಂಗುಡೆ ರಾಶಿ ಬಿದ್ದಾಗ ತಿಲಾಪಿಯವನ್ನು ಕೇಳುವವರು ಕಡಮೆ. ಅದಕ್ಕೆ ಮರ್ಯಾದೆ ಸಿಗುವುದು ಕಡಲು ಮುಚ್ಚಿದ ಆ ೬೧ ದಿನಗಳಲ್ಲಿ.

ಖರ್ಚಿನ ಕಡೆಗೂ ಸ್ವಲ್ಪ ನೋಡೋಣ. ೨೦೨೦ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಜಾರಿಗೆ ಬಂದು ಸಾಮಾನ್ಯ ವರ್ಗದವರಿಗೆ ಶೇಕಡ ೪೦, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡ ೬೦ರ ಸಹಾಯಧನ ಸಿಗುವಂತಾದಾಗ ಬಯೋಫ್ಲಾಕ್ ತೊಟ್ಟಿಗಳ ಮೋಹ ನಾಡಿನ ತುಂಬ ಹಬ್ಬಿತು. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದ ತರುಣರಿಗೆ ಇದು ಆಶಾಕಿರಣವಾಯಿತು. ನಾಲ್ಕು ಮೀಟರು ಅಗಲದ ದುಂಡು ತೊಟ್ಟಿಯಲ್ಲಿ ಒಂದು ಮೀಟರು ನೀರು ನಿಲ್ಲಿಸಿದರೆ ಸುಮಾರು ೧೨,೫೦೦ ಲೀಟರಾಯಿತು. ಮೀನಿನ ಮಲವನ್ನೇ ಸೂಕ್ಷ್ಮಜೀವಿಗಳು ಮೇವಾಗಿ ಮಾರ್ಪಡಿಸುತ್ತವೆ ಎಂಬುದು ಈ ವಿದ್ಯೆಯ ಸೊಗಸು. ಅದು ನಡೆಯಬೇಕಾದರೆ ಹಗಲಿರುಳು ನೀರಿಗೆ ಗಾಳಿ ಊದುತ್ತಲೇ ಇರಬೇಕು. ಬೆಳ್ತಂಗಡಿಯ ಘಟ್ಟದ ತಪ್ಪಲಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ ಮರಳುವುದು ಯಾವಾಗ ಎಂದು ಯಾರು ಹೇಳಬಲ್ಲರು? ಮೀನು ತುಂಬಿದ ತೊಟ್ಟಿ ಗಾಳಿಯಿಲ್ಲದೆ ಬಹಳ ಹೊತ್ತು ತಾಳುವುದಿಲ್ಲ. ಆರು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ಬೆಳ್ಳಗೆ ತೇಲುತ್ತದೆ. ಜನರೇಟರು ಇಲ್ಲದವರು ಈ ಕಸುಬಿಗೆ ಕೈಹಾಕದಿರುವುದು ಲೇಸು. ಇದಲ್ಲದೆ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಮೀನಿನ ತಿಂಡಿಗೇ ಹೋಗುತ್ತದೆ. ಸಹಾಯಧನ ತೊಟ್ಟಿಯನ್ನು ಕಟ್ಟಿಕೊಡುತ್ತದೆ. ತಿಂಡಿಯ ಚೀಲವನ್ನು ತಿಂಗಳು ತಿಂಗಳು ತಾನೇ ಕೊಳ್ಳಬೇಕು. ಅಡಿಕೆ ತೋಟವಿರುವವರಿಗೆ ಒಂದು ಅನುಕೂಲ ಉಂಟು, ತೊಟ್ಟಿಯಿಂದ ಬದಲಾಯಿಸಿದ ನೀರು ಒಳ್ಳೆಯ ಗೊಬ್ಬರ. ಹಳದಿ ರೋಗ, ಎಲೆಚುಕ್ಕಿ ರೋಗಗಳಿಂದ ಬೇಸತ್ತ ಬೆಳೆಗಾರನು ಉಪಕಸುಬೊಂದನ್ನು ಹುಡುಕುವುದು ನ್ಯಾಯವೇ. ಕಷ್ಟವಿರುವುದು ಬೇರೆಡೆಯಲ್ಲಿ.

ಅದು ಮಳೆಯಲ್ಲಿದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ, ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ. ಆಂಧ್ರದ ಬಯಲಿನಲ್ಲಿ ಕೊಳದ ಮೀನು ಕೊಳದಲ್ಲಿ ಇರಬಹುದು; ಇಲ್ಲಿ ಮದಕ ತುಂಬಿ ತೋಡಿಗೆ, ತೋಡು ತುಂಬಿ ಹೊಳೆಗೆ ಒಂದೇ ನೀರು. ೧೯೨೩ರ ಮತ್ತು ೧೯೭೪ರ ನೆರೆಗಳಲ್ಲಿ ನೇತ್ರಾವತಿ ಬಂಟ್ವಾಳದ ಪೇಟೆಯನ್ನೇ ಹೊಕ್ಕಿದ್ದಳು. ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಸುತ್ತಿನಲ್ಲಿ ಗುಡ್ಡಗಳು ಜರಿದು ತೋಟಗಳ ಮೇಲೆ ಮರಳು ಹಾಸಿಹೋಯಿತು. ಅಂಥ ನೀರಿಗೆ ಜಾಲರಿಯ ಕಾವಲು ಏನು ಮಾಡೀತು? ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂಬ ಹಳೆಯ ಮಾತುಂಟು. ಕೋಡಿ ಹರಿಯುವ ಕೆರೆಯೊಂದಕ್ಕೆ ಯಾರಾದರೂ ಒಂದು ಚೀಲ ಮರಿಗಳನ್ನು ಸುರಿದರೆ ಫಲ್ಗುಣಿ, ಶಾಂಭವಿಗಳ ಕಡೆಗೆ ದಾರಿ ತೆರೆದಂತೆಯೇ.

ಗಂಡುಮೀನುಗಳು ಮಾತ್ರ ತಾನೆ, ತಪ್ಪಿಸಿಕೊಂಡರೂ ಸಂತಾನವಾಗದು ಎಂದು ಸಮಾಧಾನ ಹೇಳುವವರಿದ್ದಾರೆ. ಒಳ್ಳೆಯ ಮರಿಕೇಂದ್ರದಲ್ಲಿಯೂ ನೂರಕ್ಕೆ ನೂರು ಗಂಡಾಗುವುದು ಅಪೂರ್ವ. ಕಾಗದಪತ್ರವಿಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಮಾರುವ ಮರಿಗಳ ಮಾತಂತೂ ಬೇಡ. ತಿಲಾಪಿಯ ನಿಂತ ನೀರನ್ನು ಬಯಸುವ ಮೀನು. ಘಟ್ಟದ ಕಲ್ಲುಹೊಳೆಗಳ ಸೆಳೆತವನ್ನು ಅದು ಏರಲಾರದೆಂಬುದು ನಿಜ. ಆದರೆ ಬೇಸಗೆಯಲ್ಲಿ ನಮ್ಮ ಹೊಳೆಗಳು ಹರಿಯುವುದೇ ಇಲ್ಲ, ಮಡುಗಳ ಸರವಾಗಿ ನಿಲ್ಲುತ್ತವೆ. ಅದಕ್ಕೆ ಸೇರಿ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದಂಥ ಕಿಂಡಿ ಅಣೆಕಟ್ಟುಗಳು ಹೊಳೆ ಹೊಳೆಗೂ ಏಳುತ್ತಿವೆ. ಅಂತರ್ಜಲಕ್ಕೆ ಒಳ್ಳೆಯದೇ. ತಿಲಾಪಿಯಕ್ಕೂ ಅಷ್ಟೇ ಒಳ್ಳೆಯದು.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಾಲಯದ ಮುಂದೆ ಕಪಿಲೆಯ ಮಡುವಿನಲ್ಲಿ, ಮಹಶೀರ್ ಮೀನುಗಳು ಇಂದಿಗೂ ಭಕ್ತರು ಎಸೆದ ಅಕ್ಕಿಗೆ ಮುತ್ತಿಕೊಳ್ಳುತ್ತವೆ. ದೇವರ ಮೀನುಗಳೆಂದು ಅವನ್ನು ಯಾರೂ ಮುಟ್ಟುವುದಿಲ್ಲ. ೧೯೯೬ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತುವು. ಅವುಗಳಿಗೊಂದು ಸ್ಮಾರಕವನ್ನೇ ಅಲ್ಲಿ ಕಟ್ಟಿದ್ದಾರೆ. ವಿಷ ಹಾಕಿದರೆ ಒಂದೇ ದಿನದಲ್ಲಿ ಕಣ್ಣಿಗೆ ಕಾಣುತ್ತದೆ, ಊರು ಅಳುತ್ತದೆ. ಮೊಟ್ಟೆಗಳನ್ನು ತಿಂದು, ಪಾಚಿಯನ್ನು ಹಂಚಿಕೊಂಡು, ಜಾಗವನ್ನು ಆಕ್ರಮಿಸುವ ಹೊಸ ಮೀನಿನ ಕೆಲಸಕ್ಕೆ ಇಪ್ಪತ್ತು ವರ್ಷ ಹಿಡಿಯಬಹುದು. ಅದಕ್ಕೆ ಸ್ಮಾರಕ ಕಟ್ಟುವವರು ಯಾರು? ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸರಕಾರವೇ ಕೆರೆಗಳಿಗೆ ಬಿಡುತ್ತ ಬಂದಿರುವ ಕಾಟ್ಲಾ, ರೋಹು, ಮೃಗಾಲಗಳೂ ಪಶ್ಚಿಮಕ್ಕೆ ಹರಿಯುವ ಈ ಹೊಳೆಗಳವಲ್ಲ, ಗಂಗೆಯ ಕಡೆಯವು. ಆದರೆ ಅವು ಮರಿ ಹಾಕಲು ದೊಡ್ಡ ನದಿಯ ನೆರೆಯನ್ನು ಕಾಯುತ್ತವೆ. ತಿಲಾಪಿಯಕ್ಕೆ ಬಚ್ಚಲ ಹೊಂಡವೂ ಸಾಕು.

ಆದುದರಿಂದ ಸಾಕಲೇಬಾರದೆಂದಲ್ಲ. ಮಾಡಿನ ಕೆಳಗಿನ ತೊಟ್ಟಿಯಲ್ಲಿ, ಎತ್ತರದ ಗುಡ್ಡೆಯ ಮೇಲೆ ಹೊಳೆಗೆ ಹಾದಿಯಿಲ್ಲದ ಹೊಂಡದಲ್ಲಿ ಸಾಕುವುದಕ್ಕೆ ಯಾರ ಅಡ್ಡಿಯೂ ಇರಬೇಕಾದ್ದಿಲ್ಲ. ನದೀತೀರದ ಕೊಳ, ಕೋಡಿಯುಳ್ಳ ಮದಕ, ಊರ ದೇವಸ್ಥಾನದ ಕೆರೆ, ಇವುಗಳಿಗೆ ಬೇಡ. ತೆರೆದ ಹೊಂಡವಿರುವವರು ನವೆಂಬರಿನಲ್ಲಿ ಮರಿ ಬಿಟ್ಟರೆ ಮೇ ತಿಂಗಳ ಕೊನೆಗೆ ಮೀನು ಮಾರಾಟದ ತೂಕಕ್ಕೆ ಬರುತ್ತದೆ. ಮಳೆ ಹಿಡಿಯುವುದಕ್ಕೆ ಮೊದಲು ಹೊಂಡ ಬರಿದಾಗಬೇಕು. ಅದೃಷ್ಟವಶಾತ್ ಕಡಲಿನ ದೋಣಿಗಳು ದಡ ಸೇರುವುದೂ ಆ ವಾರದಲ್ಲಿಯೇ. ಏಪ್ರಿಲಿನಲ್ಲಿ ಬಾವಿ ತಳ ಕಾಣುವಾಗ ನೀರು ಅಡಿಕೆಗೋ ಮೀನಿಗೋ ಎಂಬ ಜಗಳ ಮನೆಯೊಳಗೆ ಏಳುವುದು ಖಂಡಿತ. ಎಷ್ಟು ಮರಿ ಬಿಡಬೇಕೆಂಬುದನ್ನು ನವೆಂಬರಿನಲ್ಲಿ ತೀರ್ಮಾನಿಸುವಾಗಲೇ ಆ ಜಗಳವನ್ನು ಮುಗಿಸಿಕೊಳ್ಳಬೇಕು. ಲೆಕ್ಕ ತಿಳಿಯದವರಿಗೆ ಮಂಗಳೂರಿನ ಎಕ್ಕೂರಿನಲ್ಲಿ ೧೯೬೯ರಲ್ಲಿ ಸ್ಥಾಪನೆಯಾದ, ದೇಶದ ಮೊತ್ತಮೊದಲ ಮೀನುಗಾರಿಕಾ ಕಾಲೇಜು ಇದೆ. ಕೊಳ್ಳುವ ಗೃಹಿಣಿಯರೂ ಒಂದು ಕೆಲಸ ಮಾಡಬಹುದು. ಮೀನಿನ ಕಿವಿರು ಕೆಂಪಗಿದೆಯೆ ಎಂದು ಎತ್ತಿ ನೋಡುವಾಗ, ಮರಿ ತಂದುದು ಎಲ್ಲಿಂದ, ಸಾಕಿದ ಕೊಳದ ನೀರು ಮಳೆಗಾಲದಲ್ಲಿ ಹೋಗುವುದು ಎಲ್ಲಿಗೆ ಎಂದೂ ಮಾರುವವನನ್ನು ವಿಚಾರಿಸಬಹುದು.